ಅಭಿವೃದ್ಧಿ ಯೋಜನೆಯನ್ನು ಮಾನವ ಹಕ್ಕುಗಳ ನೆಲೆಯಲ್ಲಿ ರೂಪಿಸುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಕುಡಿಯುವ ನೀರು, ಶಿಕ್ಷಣ, ಆರೋಗ್ಯ, ವಸತಿ, ಹೀಗೆ ಯಾವುದೇ ಕ್ಷೇತ್ರದ ಅಭಿವೃದ್ಧಿ ಯೋಜನೆಯ ವರದಿಯನ್ನು ತೆರೆದರೂ ಎಷ್ಟು ನಲ್ಲಿ ಹಾಕಲಾಯಿತು, ಎಷ್ಟು ಕೊಠಡಿ ಕಟ್ಟಲಾಯಿತು, ಎಷ್ಟು ಜನರಿಗೆ ತರಬೇತಿ ಕೊಡಲಾಯಿತು ಎಂಬ ಲೆಕ್ಕ ಸಿಗುತ್ತದೆ. ಆದರೆ ಆ ನಲ್ಲಿಯಲ್ಲಿ ಕೆಲವು ತಿಂಗಳ ನಂತರ ನೀರು ನಿಂತುಹೋದರೆ ಉತ್ತರ ಕೊಡಬೇಕಾದವರು ಯಾರು, ನೀರು ಸಿಗದ ಮನೆಯವರು ಯಾರ ಬಳಿ ಹೋಗಿ ಏನೆಂದು ಕೇಳಬೇಕು, ಹಾಗೆ ಕೇಳಿದ್ದಕ್ಕೆ ಅವರಿಗೆ ತೊಂದರೆಯಾಗದಂತೆ ಯಾವ ರಕ್ಷಣೆ ಇದೆ ಎಂಬುದು ಹೆಚ್ಚಿನ ವರದಿಗಳಲ್ಲಿ ಇರುವುದಿಲ್ಲ. ಈ ಪ್ರಶ್ನೆಗಳನ್ನು ಮೊದಲ ದಿನವೇ ಎತ್ತಿಕೊಂಡು, ಅವಕ್ಕೆ ಉತ್ತರ ಸಿಗುವಂತೆ ಯೋಜನೆಯನ್ನು ಕಟ್ಟುವ ಕ್ರಮವನ್ನೇ ಹಕ್ಕು ಆಧಾರಿತ ವಿಧಾನ ಎನ್ನುತ್ತೇವೆ.

ಸರ್ಕಾರಿ ಇಲಾಖೆಗಳಲ್ಲಿ, ಸ್ವಯಂಸೇವಾ ಸಂಸ್ಥೆಗಳಲ್ಲಿ, ದಾನಿ ಸಂಸ್ಥೆಗಳಲ್ಲಿ ಯೋಜನೆ ಬರೆಯುವ ಮತ್ತು ನಡೆಸುವ ಜವಾಬ್ದಾರಿ ಹೊತ್ತವರಿಗಾಗಿ ಈ ಲೇಖನ. ವಿಷಯ ಅಮೂರ್ತವಾಗದಿರಲೆಂದು ಕುಡಿಯುವ ನೀರಿನ ಯೋಜನೆಯೊಂದನ್ನು ಉದಾಹರಣೆಯಾಗಿ ಉದ್ದಕ್ಕೂ ಇಟ್ಟುಕೊಂಡಿದ್ದೇನೆ. ಇಲ್ಲಿ ಹೇಳಿದ ಕ್ರಮ ಬೇರೆ ಕ್ಷೇತ್ರಗಳಿಗೂ ಸ್ವಲ್ಪ ಹೆಚ್ಚುಕಡಿಮೆಯಾಗಿ ಅನ್ವಯಿಸುತ್ತದೆ.

ಮೊದಲು ತಿಳಿದಿರಬೇಕಾದ ತಳಹದಿ

1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 30 ವಿಧಿಗಳಲ್ಲಿ ವಾಕ್ ಸ್ವಾತಂತ್ರ್ಯ, ನ್ಯಾಯಯುತ ವಿಚಾರಣೆ ಮೊದಲಾದವುಗಳ ಜೊತೆಗೇ ಆಹಾರ, ವಸತಿ, ವೈದ್ಯಕೀಯ ಆರೈಕೆ, ಶಿಕ್ಷಣಗಳೂ ಹಕ್ಕುಗಳಾಗಿ ಸೇರಿವೆ. 1966ರಲ್ಲಿ ಅಂಗೀಕಾರವಾಗಿ 1976ರಲ್ಲಿ ಜಾರಿಗೆ ಬಂದ ಎರಡು ಅಂತರರಾಷ್ಟ್ರೀಯ ಒಡಂಬಡಿಕೆಗಳು, ಅಂದರೆ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆ ಹಾಗೂ ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳ ಒಡಂಬಡಿಕೆ, ಈ ಹಕ್ಕುಗಳನ್ನು ಅನುಮೋದಿಸಿದ ರಾಷ್ಟ್ರಗಳ ಮೇಲೆ ಕಾನೂನುಬದ್ಧ ಹೊಣೆಯಾಗಿ ಹೇರಿದವು. 1986ರ ಅಭಿವೃದ್ಧಿಯ ಹಕ್ಕಿನ ಘೋಷಣೆಯು ಮನುಷ್ಯನನ್ನೇ ಅಭಿವೃದ್ಧಿಯ ಕೇಂದ್ರವೆಂದು ಗುರುತಿಸಿತು. 1993ರ ವಿಯೆನ್ನಾ ಸಮ್ಮೇಳನವು ಎಲ್ಲ ಹಕ್ಕುಗಳೂ ಸಾರ್ವತ್ರಿಕ, ಅವಿಭಾಜ್ಯ ಮತ್ತು ಪರಸ್ಪರಾವಲಂಬಿ ಎಂಬುದನ್ನು ಸ್ಪಷ್ಟಪಡಿಸಿತು.

ಇವೆಲ್ಲವನ್ನೂ ಯೋಜನೆ ರೂಪಿಸುವವರ ಮೇಜಿನ ಮೇಲಕ್ಕೆ ತಂದದ್ದು 2003ರಲ್ಲಿ ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಒಟ್ಟಾಗಿ ಒಪ್ಪಿಕೊಂಡ ಸಮಾನ ತಿಳುವಳಿಕೆ. ಅದರ ಸಾರ ಮೂರು ಮಾತುಗಳಲ್ಲಿದೆ. ಅಭಿವೃದ್ಧಿ ಕಾರ್ಯಕ್ರಮದ ಗುರಿಯೇ ಹಕ್ಕುಗಳ ಈಡೇರಿಕೆಗೆ ನೆರವಾಗುವಂತಿರಬೇಕು. ಕಾರ್ಯಕ್ರಮದ ಪ್ರತಿಯೊಂದು ಹಂತಕ್ಕೂ ಹಕ್ಕುಗಳ ಮಾನದಂಡ ಮತ್ತು ತತ್ವಗಳೇ ದಾರಿ ತೋರಬೇಕು. ಹೊಣೆ ಹೊತ್ತವರು ತಮ್ಮ ಕರ್ತವ್ಯ ನಿರ್ವಹಿಸುವ ಮತ್ತು ಹಕ್ಕುದಾರರು ತಮ್ಮ ಹಕ್ಕನ್ನು ಕೇಳಿ ಪಡೆಯುವ ಸಾಮರ್ಥ್ಯ ಎರಡೂ ಬೆಳೆಯಬೇಕು. ಮೂರನೆಯ ಮಾತು ನನ್ನ ದೃಷ್ಟಿಯಲ್ಲಿ ಅತ್ಯಂತ ಮುಖ್ಯವಾದದ್ದು, ಮತ್ತು ಆಚರಣೆಯಲ್ಲಿ ಅತಿ ಹೆಚ್ಚು ಕಡೆಗಣನೆಗೆ ಒಳಗಾಗುವುದೂ ಅದೇ. ಮೊದಲೆರಡನ್ನು ಕಾಗದದ ಮೇಲೆ ಬರೆದು ಮುಗಿಸಬಹುದು; ಮೂರನೆಯದಕ್ಕೆ ಜನರ ಮತ್ತು ಆಡಳಿತದ ನಡುವಿನ ಸಂಬಂಧವೇ ಬದಲಾಗಬೇಕಾಗುತ್ತದೆ.

ತತ್ವಗಳೆಂದು ಸಾಮಾನ್ಯವಾಗಿ ಹೆಸರಿಸುವವು ಸಾರ್ವತ್ರಿಕತೆ, ಅವಿಭಾಜ್ಯತೆ, ಪರಸ್ಪರಾವಲಂಬನೆ, ಸಮಾನತೆ ಮತ್ತು ತಾರತಮ್ಯವಿಲ್ಲದಿರುವಿಕೆ, ಪಾಲ್ಗೊಳ್ಳುವಿಕೆ, ಉತ್ತರದಾಯಿತ್ವ ಮತ್ತು ಕಾನೂನಿನ ಆಳ್ವಿಕೆ. ಇವನ್ನು ಪ್ರಸ್ತಾವನೆಯ ಮೊದಲ ಪುಟದಲ್ಲಿ ಪಟ್ಟಿ ಮಾಡಿಬಿಟ್ಟರೆ ಏನೂ ಆಗುವುದಿಲ್ಲ. ಮುಂದಿನ ಹಂತಗಳಲ್ಲಿ ಪ್ರತಿಯೊಂದು ತತ್ವವೂ ಯಾವುದಾದರೊಂದು ನಿರ್ಧಾರವನ್ನು ಬದಲಿಸಬೇಕು, ಇಲ್ಲವಾದರೆ ಅದು ಯೋಜನೆಯೊಳಗೆ ಇಳಿದಿಲ್ಲ ಎಂದೇ ತಿಳಿಯಬೇಕು.

ಹಂತ 1: ಸಮಸ್ಯೆಯನ್ನು ಹಕ್ಕಿನ ಭಾಷೆಯಲ್ಲಿ ಬರೆದುಕೊಳ್ಳಿ, ಕಾನೂನನ್ನು ಓದಿ

"ಈ ಪ್ರದೇಶದಲ್ಲಿ ನೀರಿನ ಕೊರತೆಯಿದೆ" ಎಂದು ಬರೆದರೆ ಅದಕ್ಕೆ ಪರಿಹಾರವಾಗಿ ಕೊಳವೆಬಾವಿಯೋ ಟ್ಯಾಂಕೋ ಮಾತ್ರ ಮನಸ್ಸಿಗೆ ಬರುತ್ತದೆ. "ಈ ಪ್ರದೇಶದ ಇಂತಿಂಥ ಕುಟುಂಬಗಳ ನೀರಿನ ಹಕ್ಕು ಈಡೇರಿಲ್ಲ" ಎಂದು ಬರೆದರೆ ಆ ಹಕ್ಕಿನಲ್ಲಿ ಏನೇನು ಅಡಕವಾಗಿದೆ ಎಂಬುದನ್ನು ಹುಡುಕಲೇಬೇಕಾಗುತ್ತದೆ. ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳ ಒಡಂಬಡಿಕೆಯ ಉಸ್ತುವಾರಿ ನೋಡುವ ವಿಶ್ವಸಂಸ್ಥೆಯ ಸಮಿತಿಯು 2002ರಲ್ಲಿ ಹೊರಡಿಸಿದ 15ನೆಯ ಸಾಮಾನ್ಯ ಟಿಪ್ಪಣಿ, ಅಂದರೆ ಹಕ್ಕಿನ ಅರ್ಥವನ್ನು ಬಿಡಿಸಿ ಹೇಳುವ ವಿವರಣೆ, ಇದಕ್ಕೆ ಒಳ್ಳೆಯ ಆಧಾರ. ನೀರು ಸಾಕಷ್ಟು ಪ್ರಮಾಣದಲ್ಲಿ ಮತ್ತು ನಿರಂತರವಾಗಿ ಲಭ್ಯವಿರಬೇಕು, ಸುರಕ್ಷಿತವಾಗಿರಬೇಕು, ಮನೆಗೆ ಹತ್ತಿರವಿರಬೇಕು, ಕೈಗೆಟಕುವ ಬೆಲೆಯಲ್ಲಿರಬೇಕು, ತಾರತಮ್ಯವಿಲ್ಲದೆ ಸಿಗಬೇಕು, ಅದರ ಬಗೆಗಿನ ಮಾಹಿತಿ ಜನರಿಗೆ ತಿಳಿಯುವಂತಿರಬೇಕು ಎಂದು ಅದು ವಿವರಿಸುತ್ತದೆ. 2010ರ ಜುಲೈ 28ರಂದು ಮಹಾಸಭೆಯೂ ಸುರಕ್ಷಿತ ಕುಡಿಯುವ ನೀರು ಮತ್ತು ನೈರ್ಮಲ್ಯವನ್ನು ಮಾನವ ಹಕ್ಕೆಂದು ಮಾನ್ಯ ಮಾಡಿತು. ಒಬ್ಬ ವ್ಯಕ್ತಿಗೆ ದಿನಕ್ಕೆ 50ರಿಂದ 100 ಲೀಟರ್ ನೀರು ಬೇಕೆಂಬ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು, ನೀರು ತರಲು ಹೋಗಿಬರುವ ಸಮಯ 30 ನಿಮಿಷ ಮೀರಬಾರದೆಂಬ ಮಾನದಂಡ ಇಂಥವನ್ನು ಪಕ್ಕದಲ್ಲಿಟ್ಟು ನೋಡಿದರೆ, "ನಲ್ಲಿ ಇದೆ" ಎಂದು ದಾಖಲೆಯಲ್ಲಿರುವ ಎಷ್ಟೋ ಮನೆಗಳಲ್ಲಿ ಹಕ್ಕು ಈಡೇರಿಲ್ಲ ಎಂಬುದು ಕಾಣತೊಡಗುತ್ತದೆ. ಆರೋಗ್ಯ, ಆಹಾರ, ಶಿಕ್ಷಣ, ವಸತಿ ಇವುಗಳ ಮೇಲೂ ಇದೇ ಸಮಿತಿಯ ಟಿಪ್ಪಣಿಗಳಿವೆ. ನಿಮ್ಮ ಕ್ಷೇತ್ರದ ಟಿಪ್ಪಣಿಯನ್ನು ತಂಡದವರೆಲ್ಲ ಒಮ್ಮೆ ಪೂರ್ತಿ ಓದುವುದು ಒಳ್ಳೆಯದು.

ಬಳಿಕ ನೀವು ಕೆಲಸ ಮಾಡುವ ದೇಶ ಯಾವ ಒಪ್ಪಂದಗಳನ್ನು ಅನುಮೋದಿಸಿದೆ, ಅದರ ಸಂವಿಧಾನ ಮತ್ತು ಕಾನೂನುಗಳು ಏನು ಹೇಳುತ್ತವೆ ಎಂಬುದನ್ನು ಪಟ್ಟಿ ಮಾಡಿ. ಮಹಿಳೆಯರ ವಿರುದ್ಧದ ತಾರತಮ್ಯ ನಿವಾರಣೆಯ 1979ರ ಒಪ್ಪಂದ, ಮಕ್ಕಳ ಹಕ್ಕುಗಳ 1989ರ ಒಪ್ಪಂದ, ಅಂಗವಿಕಲ ವ್ಯಕ್ತಿಗಳ ಹಕ್ಕುಗಳ 2006ರ ಒಪ್ಪಂದ ಇವು ಬಹುತೇಕ ರಾಷ್ಟ್ರಗಳನ್ನು ಕಟ್ಟಿಹಾಕಿವೆ. ಮಕ್ಕಳ ಒಪ್ಪಂದಕ್ಕಂತೂ 196 ಪಕ್ಷಗಳಿವೆ. ಒಪ್ಪಂದಗಳ ಉಸ್ತುವಾರಿ ಸಮಿತಿಗಳು ಆಯಾ ದೇಶಕ್ಕೆ ನೀಡಿದ ಶಿಫಾರಸುಗಳು, ಮತ್ತು ಪ್ರತಿ ದೇಶದ ಮಾನವ ಹಕ್ಕುಗಳ ಸ್ಥಿತಿಯನ್ನು ಇತರ ದೇಶಗಳು ವಿಶ್ವಸಂಸ್ಥೆಯಲ್ಲಿ ಸರದಿಯಂತೆ ಪರಿಶೀಲಿಸುವ, 2008ರಿಂದ ನಡೆಯುತ್ತಿರುವ ಸಾರ್ವತ್ರಿಕ ನಿಯತಕಾಲಿಕ ಪರಿಶೀಲನೆಯಲ್ಲಿ ಆ ದೇಶ ತಾನೇ ಒಪ್ಪಿಕೊಂಡ ಶಿಫಾರಸುಗಳು ಬಹಳ ಬೆಲೆಬಾಳುವ ದಾಖಲೆಗಳು. ಸರ್ಕಾರ ತಾನೇ ಬಹಿರಂಗವಾಗಿ ಒಪ್ಪಿದ ಮಾತನ್ನು ಮುಂದಿಟ್ಟು ಮಾತುಕತೆ ಶುರುಮಾಡಿದರೆ, ಹೊರಗಿನವರು ಬಂದು ಆರೋಪ ಹೊರಿಸುತ್ತಿದ್ದಾರೆಂಬ ಆಕ್ಷೇಪಕ್ಕೆ ಎಡೆ ಕಡಿಮೆ.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ನಿವಾರಿಸಿಕೊಳ್ಳಬೇಕು. ಆರ್ಥಿಕ ಮತ್ತು ಸಾಮಾಜಿಕ ಹಕ್ಕುಗಳನ್ನು ಲಭ್ಯ ಸಂಪನ್ಮೂಲದ ಗರಿಷ್ಠ ಬಳಕೆಯಿಂದ ಹಂತ ಹಂತವಾಗಿ ಈಡೇರಿಸಬಹುದೆಂದು ಒಡಂಬಡಿಕೆಯ 2ನೆಯ ವಿಧಿ ಹೇಳುವುದರಿಂದ, "ಹಣ ಬಂದಾಗ ನೋಡೋಣ" ಎಂಬ ಉತ್ತರ ಸಾಕೆಂದು ಅನೇಕರು ಭಾವಿಸುತ್ತಾರೆ. ತಾರತಮ್ಯ ಮಾಡದಿರುವ ಹೊಣೆ ತಕ್ಷಣದ್ದು. ಹಕ್ಕಿನತ್ತ ನಿರ್ದಿಷ್ಟ ಹೆಜ್ಜೆಗಳನ್ನಿಡುವ ಹೊಣೆಯೂ ತಕ್ಷಣದ್ದೇ. ಇದಲ್ಲದೆ ಪ್ರತಿಯೊಂದು ಹಕ್ಕಿಗೂ ಒಂದು ಕನಿಷ್ಠ ತಿರುಳಿದೆ, ಅಂದರೆ ಎಲ್ಲರಿಗೂ ಒದಗಿಸಲೇಬೇಕಾದ ಮೂಲಭೂತ ಮಟ್ಟವಿದೆ, ಇರುವ ಸೌಲಭ್ಯವನ್ನು ಬೇಕೆಂದೇ ಹಿಂತೆಗೆದುಕೊಳ್ಳುವ ಕ್ರಮಕ್ಕೆ ಬಲವಾದ ಸಮರ್ಥನೆ ಬೇಕು ಎಂದು ಸಮಿತಿಯ 1990ರ 3ನೆಯ ಟಿಪ್ಪಣಿ ಸ್ಪಷ್ಟವಾಗಿ ಹೇಳುತ್ತದೆ. ನಿಮ್ಮ ಯೋಜನೆಯಲ್ಲಿ ಯಾವುದು ತಕ್ಷಣದ ಹೊಣೆ, ಯಾವುದು ಕಾಲಕ್ರಮದಲ್ಲಿ ಆಗಬೇಕಾದದ್ದು ಎಂದು ಎರಡು ಭಾಗ ಮಾಡಿ ಬರೆದುಕೊಂಡರೆ ಮುಂದಿನ ಚರ್ಚೆಗಳೆಲ್ಲ ಸುಲಭವಾಗುತ್ತವೆ.

ಹಂತ 2: ಯಾರು ಹೊರಗುಳಿದಿದ್ದಾರೆ, ಏಕೆ ಎಂದು ಕಂಡುಕೊಳ್ಳಿ

ಸರಾಸರಿ ಅಂಕಿಗಳು ಹಕ್ಕು ಆಧಾರಿತ ಯೋಜನೆಗೆ ಸಾಲವು. ನೂರಕ್ಕೆ ತೊಂಬತ್ತು ಮನೆಗಳಿಗೆ ನೀರು ಬರುತ್ತಿದ್ದರೆ, ಉಳಿದ ಹತ್ತು ಮನೆಗಳು ಯಾರವು ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಆ ಹತ್ತೂ ಮನೆಗಳು ಒಂದೇ ಸಮುದಾಯಕ್ಕೆ ಸೇರಿದ್ದರೆ, ಅಥವಾ ಒಂದೇ ಬಗೆಯ ಭೂಮಿಯಲ್ಲಿ ದಾಖಲೆಯಿಲ್ಲದೆ ನೆಲೆಸಿದವರವಾಗಿದ್ದರೆ, ಅದು ಆಕಸ್ಮಿಕವಲ್ಲ. ಹೀಗಾಗಿ ಮಾಹಿತಿಯನ್ನು ಲಿಂಗ, ವಯಸ್ಸು, ಅಂಗವೈಕಲ್ಯ, ಭಾಷೆ, ಸಮುದಾಯ, ವಾಸಸ್ಥಳ, ಆದಾಯ ಇವುಗಳ ಪ್ರಕಾರ ಬಿಡಿಬಿಡಿಯಾಗಿ ಸಂಗ್ರಹಿಸಬೇಕು. ಸುಸ್ಥಿರ ಅಭಿವೃದ್ಧಿಗಾಗಿ 2015ರಲ್ಲಿ ರಾಷ್ಟ್ರಗಳು ಒಪ್ಪಿದ 17 ಗುರಿಗಳ ಹಿಂದೆಯೂ ಯಾರನ್ನೂ ಹಿಂದೆ ಬಿಡಬಾರದೆಂಬ ಮಾತಿದೆ. ಆ ಮಾತನ್ನು ನಂಬುವುದಾದರೆ ಹಿಂದೆ ಉಳಿದವರು ಯಾರೆಂದು ಮೊದಲು ಗೊತ್ತಾಗಬೇಕು.

ಒಂದೇ ಮನೆಯೊಳಗಿನ ಅಸಮಾನತೆಯನ್ನೂ ನೋಡಬೇಕು. ನೀರು ಹೊತ್ತು ತರುವವರು ಯಾರು, ಅದಕ್ಕಾಗಿ ಶಾಲೆ ತಪ್ಪಿಸುವವರು ಯಾರು, ಗಾಲಿಕುರ್ಚಿ ಬಳಸುವವರು ನಲ್ಲಿಯ ಕಟ್ಟೆಯನ್ನು ತಲುಪಬಲ್ಲರೇ, ಮುಟ್ಟಿನ ದಿನಗಳಲ್ಲಿ ಹೆಣ್ಣುಮಕ್ಕಳಿಗೆ ನೀರು ಮತ್ತು ಮರೆ ಸಿಗುತ್ತದೆಯೇ ಎಂಬ ಪ್ರಶ್ನೆಗಳಿಗೆ ಕುಟುಂಬದ ಯಜಮಾನನೊಬ್ಬನನ್ನೇ ಮಾತನಾಡಿಸುವ ಸಮೀಕ್ಷೆಯಲ್ಲಿ ಉತ್ತರ ಸಿಗುವುದಿಲ್ಲ.

ಮಾಹಿತಿ ಸಂಗ್ರಹಿಸುವಾಗಲೇ ಹಕ್ಕುಗಳು ಉಲ್ಲಂಘನೆಯಾಗುವ ಅಪಾಯವಿದೆ ಎಂಬುದನ್ನು ಮರೆಯಬಾರದು. ಜನ ತಮ್ಮ ಗುರುತನ್ನು ತಾವೇ ಹೇಳಿಕೊಳ್ಳಬೇಕು. ಹೇಳಲು ಇಷ್ಟವಿಲ್ಲದಿದ್ದರೆ ಬಿಡುವ ಅವಕಾಶವಿರಬೇಕು. ಯಾವ ಸಮುದಾಯದವರು ಎಲ್ಲಿ ವಾಸಿಸುತ್ತಾರೆ, ಯಾರ ಬಳಿ ದಾಖಲೆಯಿಲ್ಲ ಎಂಬ ಪಟ್ಟಿ ತಪ್ಪು ಕೈಗೆ ಸಿಕ್ಕರೆ ಅವರನ್ನು ಒಕ್ಕಲೆಬ್ಬಿಸುವುದಕ್ಕೂ ಬಳಕೆಯಾಗಬಹುದು. ಯಾವ ಮಾಹಿತಿ ಯೋಜನೆಗೆ ನಿಜವಾಗಿ ಬೇಕೋ ಅಷ್ಟನ್ನೇ ಪಡೆಯುವುದು, ಹೆಸರುಗಳನ್ನು ಬೇರೆಯಾಗಿ ಇಡುವುದು, ಯಾರಿಗೆ ನೋಡಲು ಅವಕಾಶವಿದೆ ಎಂದು ಬರೆದಿಡುವುದು, ಕೆಲಸ ಮುಗಿದ ಮೇಲೆ ಅಳಿಸುವುದು ಇವನ್ನು ಸಮೀಕ್ಷೆಗೆ ಹೊರಡುವ ಮುನ್ನವೇ ನಿರ್ಧರಿಸಿ.

ಹೊರಗುಳಿದವರು ಯಾರೆಂದು ತಿಳಿದ ಮೇಲೆ ಏಕೆ ಎಂಬುದನ್ನು ಪದರ ಪದರವಾಗಿ ಬಿಡಿಸಬೇಕು. ನೀರಿಲ್ಲದ್ದಕ್ಕೆ ಕಣ್ಣಿಗೆ ಕಾಣುವ ಕಾರಣ ಕೊಳವೆ ಅಲ್ಲಿಗೆ ಬಂದಿಲ್ಲದಿರುವುದು. ಅದರ ಕೆಳಗಿನ ಕಾರಣ ಆ ಬಡಾವಣೆ ಅಧಿಕೃತ ನಕ್ಷೆಯಲ್ಲಿ ಇಲ್ಲದಿರುವುದು, ಆದ್ದರಿಂದ ಬಜೆಟ್ಟಿನಲ್ಲಿ ಬಾರದಿರುವುದು. ಅದಕ್ಕೂ ಕೆಳಗೆ, ಆ ಜನರನ್ನು ಊರಿನ ಭಾಗವೆಂದು ಒಪ್ಪಿಕೊಳ್ಳದ ಸಾಮಾಜಿಕ ಮನೋಭಾವ, ಮತ್ತು ಅವರ ಪರವಾಗಿ ಮಾತನಾಡುವವರು ನಿರ್ಧಾರದ ಸ್ಥಾನಗಳಲ್ಲಿ ಇಲ್ಲದಿರುವುದು. ಕೊಳವೆ ಹಾಕುವ ಕೆಲಸ ಮೊದಲ ಪದರವನ್ನು ಮಾತ್ರ ಮುಟ್ಟುತ್ತದೆ. ಮೂರನೆಯ ಪದರವನ್ನು ಒಂದೇ ಯೋಜನೆ ಬದಲಿಸಲಾರದು, ನಿಜ. ಆದರೆ ಎರಡನೆಯದನ್ನು ಮುಟ್ಟದ ಯೋಜನೆ, ಹಣ ನಿಂತ ದಿನವೇ ತಾನೂ ನಿಲ್ಲುತ್ತದೆ.

ಹಂತ 3: ಯಾರು ಯಾರಿಗೆ ಹೊಣೆ ಎಂಬ ನಕ್ಷೆ ಬರೆಯಿರಿ

ನನ್ನ ಅಭಿಪ್ರಾಯದಲ್ಲಿ ಇಡೀ ಪ್ರಕ್ರಿಯೆಯ ಹೃದಯಭಾಗ ಇದು. ಸಮಯ ಕಡಿಮೆಯಿದ್ದರೆ ಬೇರೆ ಹಂತಗಳನ್ನು ಚಿಕ್ಕದಾಗಿಸಿ, ಇದನ್ನು ಮಾತ್ರ ಆತುರದಲ್ಲಿ ಮುಗಿಸಬೇಡಿ.

ಒಂದು ದೊಡ್ಡ ಹಾಳೆಯ ಒಂದು ಬದಿಗೆ ಹಕ್ಕುದಾರರನ್ನು ಗುಂಪು ಗುಂಪಾಗಿ ಬರೆಯಿರಿ. ಇನ್ನೊಂದು ಬದಿಗೆ ಅವರ ಹಕ್ಕಿನ ವಿಷಯದಲ್ಲಿ ಕರ್ತವ್ಯ ಹೊತ್ತವರನ್ನು ಬರೆಯಿರಿ. ಅಂತಿಮ ಕಾನೂನುಬದ್ಧ ಹೊಣೆ ಪ್ರಭುತ್ವದ್ದೇ ಆದರೂ "ಸರ್ಕಾರ" ಎಂದು ಒಂದೇ ಪದದಲ್ಲಿ ಬರೆದರೆ ಪ್ರಯೋಜನವಿಲ್ಲ. ನೀರಿನ ಗುಣಮಟ್ಟ ಪರೀಕ್ಷಿಸಬೇಕಾದ ಕಚೇರಿ ಯಾವುದು, ದರ ನಿಗದಿ ಮಾಡುವವರು ಯಾರು, ಪಂಪ್ ದುರಸ್ತಿಗೆ ಹಣ ಮಂಜೂರು ಮಾಡುವ ಅಧಿಕಾರಿ ಯಾರು, ಸ್ಥಳೀಯ ಆಡಳಿತದ ಪಾಲೆಷ್ಟು, ಗುತ್ತಿಗೆ ಪಡೆದ ಕಂಪನಿಯ ಕರಾರಿನಲ್ಲಿ ಏನಿದೆ ಎಂದು ಹುದ್ದೆಯ ಮಟ್ಟಕ್ಕೆ ಇಳಿದು ಬರೆಯಬೇಕು. ಒಬ್ಬರೇ ಎರಡೂ ಬದಿಯಲ್ಲಿ ಬರಬಹುದು ಎಂಬುದನ್ನು ಗಮನಿಸಿ: ಮಕ್ಕಳ ವಿಷಯದಲ್ಲಿ ಪಾಲಕರಿಗೆ ಕರ್ತವ್ಯವಿದೆ, ಅದೇ ಪಾಲಕರು ಪ್ರಭುತ್ವದೆದುರು ಹಕ್ಕುದಾರರು, ಸಂಬಳ ಸಿಗದ ಪಂಪ್ ನಿರ್ವಾಹಕ ಕರ್ತವ್ಯ ಹೊತ್ತವನೂ ಹೌದು, ಕಾರ್ಮಿಕನಾಗಿ ಹಕ್ಕುದಾರನೂ ಹೌದು.

ಪ್ರತಿಯೊಂದು ಕರ್ತವ್ಯವನ್ನೂ ಮೂರು ಬಗೆಯಲ್ಲಿ ವಿಂಗಡಿಸುವುದು ರೂಢಿ. ಗೌರವಿಸುವ ಹೊಣೆಯೆಂದರೆ ಪ್ರಭುತ್ವ ತಾನೇ ಹಕ್ಕಿಗೆ ಅಡ್ಡಿಯಾಗದಿರುವುದು, ಉದಾಹರಣೆಗೆ ಇರುವ ನೀರಿನ ಸಂಪರ್ಕವನ್ನು ಅನ್ಯಾಯವಾಗಿ ಕಡಿದುಹಾಕದಿರುವುದು. ರಕ್ಷಿಸುವ ಹೊಣೆಯೆಂದರೆ ಬೇರೆಯವರು ಅಡ್ಡಿಯಾಗದಂತೆ ನೋಡಿಕೊಳ್ಳುವುದು, ಉದಾಹರಣೆಗೆ ಕಾರ್ಖಾನೆಯೊಂದು ಜಲಮೂಲವನ್ನು ಕೆಡಿಸದಂತೆ ತಡೆಯುವುದು. ಈಡೇರಿಸುವ ಹೊಣೆಯೆಂದರೆ ಕಾನೂನು, ಹಣ, ವ್ಯವಸ್ಥೆಗಳ ಮೂಲಕ ಹಕ್ಕು ಕೈಸೇರುವಂತೆ ಮಾಡುವುದು. ಬಹುಪಾಲು ಅಭಿವೃದ್ಧಿ ಯೋಜನೆಗಳು ಮೂರನೆಯದರಲ್ಲೇ ತಿರುಗುತ್ತಿರುತ್ತವೆ. ಜಲಮೂಲ ಕಲುಷಿತವಾಗುತ್ತಿರುವಾಗ ಅದರ ಮೇಲೆಯೇ ಹೊಸ ಟ್ಯಾಂಕ್ ಕಟ್ಟುವಂಥ ವ್ಯರ್ಥ ಕೆಲಸಗಳು ನಡೆಯುವುದು ಮೊದಲೆರಡು ಹೊಣೆಗಳನ್ನು ಯಾರೂ ನಕ್ಷೆಯಲ್ಲಿ ಬರೆಯದಿದ್ದಾಗ.

ನಂತರ ಪ್ರತಿಯೊಬ್ಬ ಕರ್ತವ್ಯಬದ್ಧರ ಎದುರು ಮೂರು ಪ್ರಶ್ನೆ ಇಡಿ. ಇದು ತಮ್ಮ ಹೊಣೆಯೆಂದು ಅವರು ಒಪ್ಪಿಕೊಂಡಿದ್ದಾರೆಯೇ? ಅದನ್ನು ಮಾಡಲು ಅವರಿಗೆ ಅಧಿಕಾರವಿದೆಯೇ? ಹಣ, ಸಿಬ್ಬಂದಿ, ತಿಳಿವಳಿಕೆ ಇದೆಯೇ? ಮೂರಕ್ಕೂ ಪರಿಹಾರ ಬೇರೆ ಬೇರೆ. ಅಧಿಕಾರವೇ ಇಲ್ಲದ ಅಧಿಕಾರಿಗೆ ತರಬೇತಿ ಕೊಟ್ಟರೆ ಏನೂ ಆಗದು. ಅಲ್ಲಿ ನಿಯಮ ಬದಲಾಗಬೇಕು. ಹಣವೂ ಅಧಿಕಾರವೂ ಇದ್ದು ಮನಸ್ಸಿಲ್ಲದವರ ಎದುರು ಸಾರ್ವಜನಿಕ ಒತ್ತಡ, ಮೇಲ್ವಿಚಾರಣಾ ಸಂಸ್ಥೆ, ನ್ಯಾಯಾಲಯ ಇವು ಬೇಕಾಗುತ್ತವೆ. ಕಾರ್ಯಾಗಾರಗಳಿಗಾಗಿ ಖರ್ಚಾಗುವ ಹಣದಲ್ಲಿ ಎಷ್ಟೋ ಭಾಗ ಈ ವ್ಯತ್ಯಾಸವನ್ನು ಕಾಣದೆ ಪೋಲಾಗುತ್ತದೆ.

ಹಕ್ಕುದಾರರ ಬದಿಗೂ ಇದೇ ಬಗೆಯ ಪ್ರಶ್ನೆಗಳಿವೆ: ತಮಗೆ ಹಕ್ಕಿದೆಯೆಂದು ಅವರಿಗೆ ಗೊತ್ತಿದೆಯೇ, ಎಲ್ಲಿ ಕೇಳಬೇಕೆಂದು ತಿಳಿದಿದೆಯೇ, ಒಟ್ಟಾಗಿ ಕೇಳಲು ಸಂಘಟನೆ ಇದೆಯೇ, ಕೇಳಿದರೆ ಕೂಲಿ ತಪ್ಪುವ, ಬಹಿಷ್ಕಾರಕ್ಕೆ ಗುರಿಯಾಗುವ, ಹಲ್ಲೆಗೊಳಗಾಗುವ ಭಯವಿಲ್ಲದೆ ಇರಬಲ್ಲರೇ? ಕೊನೆಯ ಪ್ರಶ್ನೆಗೆ ಉತ್ತರ "ಇಲ್ಲ" ಎಂದಾದರೆ, ಜಾಗೃತಿ ಕಾರ್ಯಕ್ರಮ ನಡೆಸಿ ಜನರನ್ನು ಮುಂದೆ ತಳ್ಳುವುದು ಅವರನ್ನು ಅಪಾಯಕ್ಕೆ ದೂಡಿದಂತೆ. ಮೊದಲು ರಕ್ಷಣೆಯ ದಾರಿ ಹುಡುಕಬೇಕು.

ನಿಮ್ಮ ಸಂಸ್ಥೆಯ ಹೆಸರನ್ನೂ ನಕ್ಷೆಯಲ್ಲಿ ಬರೆಯಿರಿ. ಸ್ವಯಂಸೇವಾ ಸಂಸ್ಥೆ ನೇರವಾಗಿ ಸೇವೆ ಒದಗಿಸುತ್ತಿದ್ದರೆ ಅದು ಯಾರ ಕರ್ತವ್ಯವನ್ನು ತಾತ್ಕಾಲಿಕವಾಗಿ ಹೊತ್ತಿದೆ, ಯಾವಾಗ ಮತ್ತು ಹೇಗೆ ಅದನ್ನು ಸೇರಬೇಕಾದವರಿಗೆ ಹಿಂದಿರುಗಿಸುತ್ತದೆ ಎಂಬುದು ಸ್ಪಷ್ಟವಿರಬೇಕು. ಪ್ರಭುತ್ವ ಮಾಡಬೇಕಾದದ್ದನ್ನು ವರ್ಷಾನುಗಟ್ಟಲೆ ತಾನೇ ಮಾಡುತ್ತಾ ಹೋದ ಸಂಸ್ಥೆ, ಎಷ್ಟೇ ಸದುದ್ದೇಶದಿಂದ ಮಾಡಿದ್ದರೂ, ಉತ್ತರದಾಯಿತ್ವದ ಕೊಂಡಿಯನ್ನು ಸಡಿಲಗೊಳಿಸುತ್ತದೆ.

ಹಂತ 4: ಉದ್ದೇಶಗಳನ್ನು ಮತ್ತೆ ಬರೆಯಿರಿ

ನಕ್ಷೆ ಸಿದ್ಧವಾದ ಮೇಲೆ ಉದ್ದೇಶಗಳ ಭಾಷೆ ತಾನಾಗಿ ಬದಲಾಗುತ್ತದೆ. "ಇಷ್ಟು ನಲ್ಲಿಗಳ ನಿರ್ಮಾಣ" ಎಂಬುದರ ಬದಲು ಹೀಗೆ ಬರೆಯಬಹುದು: "ಯೋಜನೆಯ ಅವಧಿ ಮುಗಿಯುವ ಹೊತ್ತಿಗೆ ದಾಖಲೆಯಿಲ್ಲದ ಬಡಾವಣೆಗಳನ್ನು ಸ್ಥಳೀಯ ಆಡಳಿತ ತನ್ನ ನೀರಿನ ನಕ್ಷೆಗೆ ಮತ್ತು ವಾರ್ಷಿಕ ಬಜೆಟ್ಟಿಗೆ ಸೇರಿಸಿರುತ್ತದೆ; ಅಲ್ಲಿನ ಪ್ರತಿ ಮನೆಗೂ ಪರೀಕ್ಷಿತ ನೀರು ದೊರೆಯುತ್ತದೆ; ಸರಬರಾಜು ನಿಂತಾಗ ನಿವಾಸಿಗಳು ದೂರು ಕೊಟ್ಟು, ನಿಗದಿತ ದಿನಗಳೊಳಗೆ ಲಿಖಿತ ಉತ್ತರ ಪಡೆಯುತ್ತಾರೆ." ಮೂರು ಭಾಗಗಳಲ್ಲಿ ಒಂದು ಕರ್ತವ್ಯಬದ್ಧರ ನಡವಳಿಕೆಯನ್ನು, ಒಂದು ಹಕ್ಕಿನ ಈಡೇರಿಕೆಯನ್ನು, ಒಂದು ಹಕ್ಕುದಾರರ ಶಕ್ತಿಯನ್ನು ಹೇಳುತ್ತದೆ. ಇವುಗಳಲ್ಲಿ ಯಾವುದಾದರೊಂದು ಬಿಟ್ಟುಹೋಗಿದ್ದರೆ ಉದ್ದೇಶವನ್ನು ತಿದ್ದಬೇಕು.

ಹಂತ 5: ಪಾಲ್ಗೊಳ್ಳುವಿಕೆಯನ್ನು ನಿರ್ಧಾರದ ಜಾಗಕ್ಕೆ ಒಯ್ಯಿರಿ

ಪಾಲ್ಗೊಳ್ಳುವಿಕೆ ಸಕ್ರಿಯವಾಗಿ, ಮುಕ್ತವಾಗಿ, ಅರ್ಥಪೂರ್ಣವಾಗಿ ಇರಬೇಕೆಂದು ಅಭಿವೃದ್ಧಿಯ ಹಕ್ಕಿನ ಘೋಷಣೆ ಕೇಳುತ್ತದೆ. ಎಲ್ಲ ನಿರ್ಧಾರಗಳೂ ಆದ ಮೇಲೆ ಸಭೆ ಕರೆದು, ಹಾಜರಿ ಪುಸ್ತಕಕ್ಕೆ ಸಹಿ ಪಡೆಯುವುದು ಈ ಮೂರರಲ್ಲಿ ಒಂದೂ ಅಲ್ಲ.

ಪ್ರಾಯೋಗಿಕವಾಗಿ ನೋಡಬೇಕಾದದ್ದು ಇಷ್ಟು. ಚರ್ಚೆಯ ವಿಷಯ, ಲಭ್ಯವಿರುವ ಆಯ್ಕೆಗಳು, ಅವುಗಳ ವೆಚ್ಚ ಇವೆಲ್ಲ ಸಭೆಗೆ ಸಾಕಷ್ಟು ಮುಂಚೆ, ಜನರ ಭಾಷೆಯಲ್ಲಿ, ಓದಲು ಬಾರದವರಿಗೂ ಕಣ್ಣು ಕಾಣದವರಿಗೂ ತಲುಪುವ ರೂಪದಲ್ಲಿ ಸಿಗಬೇಕು. ಸಭೆಯ ಸಮಯ ಮತ್ತು ಸ್ಥಳವನ್ನು ಕೂಲಿ ಮಾಡುವವರ, ಮಕ್ಕಳನ್ನು ನೋಡಿಕೊಳ್ಳುವವರ ಅನುಕೂಲ ನೋಡಿ ಗೊತ್ತುಮಾಡಬೇಕು. ಬಲಾಢ್ಯರ ಎದುರು ಬಾಯಿ ಬಿಡಲಾಗದವರಿಗೆ ಪ್ರತ್ಯೇಕ ಸಭೆ ಬೇಕು, ಮತ್ತು ಅಲ್ಲಿ ಹೇಳಿದ ಮಾತು ಹೇಳಿದವರ ಹೆಸರಿಲ್ಲದೆ ಮುಖ್ಯ ಸಭೆಗೆ ಬರಬೇಕು. ಸಮುದಾಯದ ಮುಖಂಡರೆಂದು ಮುಂದೆ ಬರುವವರು ಎಲ್ಲರ ಪರವಾಗಿ ಮಾತನಾಡುತ್ತಾರೆಂದು ಊಹಿಸಿಕೊಳ್ಳುವಂತಿಲ್ಲ. ಜನ ಕೊಟ್ಟ ಸಲಹೆಗಳಲ್ಲಿ ಯಾವುದನ್ನು ಸ್ವೀಕರಿಸಲಾಯಿತು, ಯಾವುದನ್ನು ಏಕೆ ಬಿಡಲಾಯಿತು ಎಂದು ಬರವಣಿಗೆಯಲ್ಲಿ ಹಿಂತಿರುಗಿಸಿ ತಿಳಿಸುವುದು ಕಡ್ಡಾಯವಾಗಬೇಕು. ನಾನು ಯಾವುದೇ ಯೋಜನೆಯ ಪಾಲ್ಗೊಳ್ಳುವಿಕೆಯನ್ನು ತೂಗಿ ನೋಡುವುದು ಈ ಒಂದು ಪತ್ರ ಇದೆಯೋ ಇಲ್ಲವೋ ಎಂಬುದರಿಂದ.

ಕೆಲವು ಗುಂಪುಗಳ ವಿಷಯದಲ್ಲಿ ಇದು ಕಾನೂನಿನ ಮಾತೂ ಹೌದು. ಮಕ್ಕಳಿಗೆ ಸಂಬಂಧಿಸಿದ ವಿಷಯಗಳಲ್ಲಿ ಅವರ ಅಭಿಪ್ರಾಯಕ್ಕೆ ವಯಸ್ಸು ಮತ್ತು ಪ್ರಬುದ್ಧತೆಗೆ ತಕ್ಕ ಬೆಲೆ ಸಿಗಬೇಕೆಂದು ಮಕ್ಕಳ ಹಕ್ಕುಗಳ ಒಪ್ಪಂದದ 12ನೆಯ ವಿಧಿ ಹೇಳುತ್ತದೆ. ಅಂಗವಿಕಲ ವ್ಯಕ್ತಿಗಳನ್ನು ಅವರದೇ ಪ್ರಾತಿನಿಧಿಕ ಸಂಘಟನೆಗಳ ಮೂಲಕ ಸಮಾಲೋಚನೆಯಲ್ಲಿ ತೊಡಗಿಸಿಕೊಳ್ಳಬೇಕೆಂದು ಅವರ ಒಪ್ಪಂದದ 4ನೆಯ ವಿಧಿ ವಿಧಿಸುತ್ತದೆ. ಮೂಲನಿವಾಸಿ ಜನಾಂಗಗಳ ಭೂಮಿ ಮತ್ತು ಸಂಪನ್ಮೂಲಗಳನ್ನು ಮುಟ್ಟುವ ಯೋಜನೆಯಾದರೆ, ಅವರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 2007ರ ಘೋಷಣೆಯ ಪ್ರಕಾರ, ಅವರ ಮುಕ್ತ, ಮುಂಚಿನ, ಮಾಹಿತಿಪೂರ್ಣ ಒಪ್ಪಿಗೆಯನ್ನು ಪಡೆಯಲು ಸದ್ಭಾವದಿಂದ ಸಮಾಲೋಚಿಸಬೇಕು. ಅವರು ಬೇಡವೆಂದರೆ ಏನು ಮಾಡುತ್ತೀರಿ ಎಂಬುದಕ್ಕೆ ಸಭೆಗೆ ಹೋಗುವ ಮುನ್ನವೇ ಪ್ರಾಮಾಣಿಕ ಉತ್ತರ ಸಿದ್ಧವಿರಬೇಕು.

ಹಂತ 6: ಬಜೆಟ್ಟಿನಲ್ಲಿ ತತ್ವ ಕಾಣಬೇಕು

ಈ ಹಂತವನ್ನು ಬೇಗ ಹೇಳಿ ಮುಗಿಸಬಹುದು, ಏಕೆಂದರೆ ಪರೀಕ್ಷೆ ಸರಳ. ಒಟ್ಟು ಹಣದಲ್ಲಿ ಅತಿ ಹೆಚ್ಚು ಹೊರಗುಳಿದವರಿಗೆ ಹೋಗುವ ಪಾಲೆಷ್ಟು ಎಂದು ಲೆಕ್ಕ ಹಾಕಿ. ದೂರದ, ಚದುರಿದ ಮನೆಗಳನ್ನು ತಲುಪಲು ತಲಾ ವೆಚ್ಚ ಹೆಚ್ಚೇ ಆಗುತ್ತದೆ. ಕಡಿಮೆ ಖರ್ಚಿನಲ್ಲಿ ಹೆಚ್ಚು ಜನ ಎಂಬ ಒಂದೇ ಅಳತೆಗೋಲು ಹಿಡಿದರೆ ಅವರು ಪ್ರತಿ ಬಾರಿಯೂ ಬಿಟ್ಟುಹೋಗುತ್ತಾರೆ. ಸಂಕೇತ ಭಾಷೆಯ ಅನುವಾದಕರು, ಇಳಿಜಾರು ದಾರಿ, ಸಭೆಗೆ ಬರುವವರ ಪ್ರಯಾಣ ಭತ್ಯೆ, ದೂರು ವ್ಯವಸ್ಥೆಯ ಸಿಬ್ಬಂದಿ, ನಿರ್ವಹಣೆಯ ವೆಚ್ಚ ಇವಕ್ಕೆಲ್ಲ ಪ್ರತ್ಯೇಕ ಸಾಲುಗಳಿರಲಿ. ಬಜೆಟ್ಟನ್ನು ಜನರಿಗೆ ಅರ್ಥವಾಗುವ ಒಂದು ಪುಟದಲ್ಲಿ ಬಹಿರಂಗಪಡಿಸಿ.

ಹಂತ 7: ದೂರು ಮತ್ತು ಪರಿಹಾರದ ದಾರಿ ಕಟ್ಟಿ

ಪರಿಹಾರವಿಲ್ಲದ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ಯೋಜನೆಯೊಂದು ನ್ಯಾಯಾಲಯವಾಗಲಾರದು, ಆದರೂ ಅದರ ವ್ಯಾಪ್ತಿಯಲ್ಲಿ ಆಗುವ ಲೋಪಗಳಿಗೆ ಸರಳ ದೂರು ವ್ಯವಸ್ಥೆಯೊಂದನ್ನು ಕಟ್ಟಬಹುದು. ವ್ಯವಹಾರ ಮತ್ತು ಮಾನವ ಹಕ್ಕುಗಳ ಕುರಿತು 2011ರಲ್ಲಿ ವಿಶ್ವಸಂಸ್ಥೆ ಅನುಮೋದಿಸಿದ ಮಾರ್ಗದರ್ಶಿ ತತ್ವಗಳಲ್ಲಿ 31ನೆಯದು ಇಂಥ ವ್ಯವಸ್ಥೆಗೆ ಮಾನದಂಡಗಳನ್ನು ಕೊಡುತ್ತದೆ: ಜನ ನಂಬುವಂತಿರಬೇಕು, ಸುಲಭವಾಗಿ ತಲುಪುವಂತಿರಬೇಕು, ಏನು ಎಷ್ಟು ದಿನದಲ್ಲಿ ಆಗುತ್ತದೆಂದು ಮೊದಲೇ ತಿಳಿದಿರಬೇಕು, ದೂರುದಾರರಿಗೆ ಬೇಕಾದ ಮಾಹಿತಿ ಮತ್ತು ನೆರವು ಸಿಗಬೇಕು, ಪಾರದರ್ಶಕವಾಗಿರಬೇಕು, ಸಿಗುವ ಪರಿಹಾರ ಹಕ್ಕುಗಳಿಗೆ ಹೊಂದುವಂತಿರಬೇಕು, ಅದರಿಂದ ಸಂಸ್ಥೆ ಪಾಠ ಕಲಿಯುವಂತಿರಬೇಕು. ಅದು ಕಂಪನಿಗಳಿಗಾಗಿ ಬರೆದದ್ದಾದರೂ ಅಭಿವೃದ್ಧಿ ಸಂಸ್ಥೆಗಳು ತಮಗೆ ಅನ್ವಯಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ.

ದೂರು ಕೊಡಲು ಒಂದಕ್ಕಿಂತ ಹೆಚ್ಚು ದಾರಿಗಳಿರಲಿ: ದೂರವಾಣಿ, ಬಾಯಿಮಾತು, ಬರಹ, ನಂಬಿಕಸ್ಥ ಮೂರನೆಯ ವ್ಯಕ್ತಿ. ದೂರು ಬಂದದ್ದು ಯಾವ ಸಿಬ್ಬಂದಿಯ ಮೇಲೋ ಅದೇ ಸಿಬ್ಬಂದಿಯ ಕೈಗೆ ವಿಚಾರಣೆ ಹೋಗಬಾರದು. ಪ್ರತಿ ದೂರಿಗೂ ಸ್ವೀಕೃತಿ ಸಿಗಬೇಕು, ಗಡುವು ಮೀರಿದರೆ ಮೇಲಿನ ಹಂತಕ್ಕೆ ತಾನಾಗಿ ಹೋಗಬೇಕು. ಲೈಂಗಿಕ ಶೋಷಣೆಯಂಥ ಗಂಭೀರ ದೂರುಗಳಿಗೆ ಪ್ರತ್ಯೇಕ, ಗೋಪ್ಯ ದಾರಿ ಬೇಕು. ಇಲ್ಲಿ ತೃಪ್ತಿ ಸಿಗದವರಿಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ, ನ್ಯಾಯಾಲಯ ಮೊದಲಾದ ದಾರಿಗಳು ತೆರೆದಿವೆ ಎಂದು ತಿಳಿಸಬೇಕು. ಯೋಜನೆಯ ದೂರು ವ್ಯವಸ್ಥೆ ಅವುಗಳಿಗೆ ತಡೆಗೋಡೆಯಾಗಬಾರದು. ಆರು ತಿಂಗಳಲ್ಲಿ ಒಂದು ದೂರೂ ಬಂದಿಲ್ಲವೆಂದರೆ ಸಂತೋಷಪಡುವ ಮೊದಲು ಜನರಿಗೆ ವ್ಯವಸ್ಥೆಯ ಬಗ್ಗೆ ಗೊತ್ತಿದೆಯೇ, ಭಯವಿದೆಯೇ ಎಂದು ವಿಚಾರಿಸಿ ನೋಡಿ.

ಹಂತ 8: ಅಳೆಯುವ ಸೂಚಕಗಳನ್ನು ಆರಿಸಿಕೊಳ್ಳಿ

ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಹೈಕಮಿಷನರ್ ಕಚೇರಿ ರೂಪಿಸಿದ ಕ್ರಮದಲ್ಲಿ ಸೂಚಕಗಳು ಮೂರು ಬಗೆ. ರಾಚನಿಕ ಸೂಚಕಗಳು ಕಾನೂನು, ನೀತಿ, ಸಂಸ್ಥೆ ಇವೆಯೇ ಎಂದು ನೋಡುತ್ತವೆ: ನೀರಿನ ಹಕ್ಕನ್ನು ಮಾನ್ಯ ಮಾಡಿದ ಕಾನೂನು ಇದೆಯೇ? ಪ್ರಕ್ರಿಯಾ ಸೂಚಕಗಳು ಕರ್ತವ್ಯಬದ್ಧರು ಏನು ಮಾಡುತ್ತಿದ್ದಾರೆಂದು ನೋಡುತ್ತವೆ: ಬಂದ ದೂರುಗಳಲ್ಲಿ ಗಡುವಿನೊಳಗೆ ಬಗೆಹರಿದವು ಎಷ್ಟು, ಬಜೆಟ್ಟಿನಲ್ಲಿ ಬಿಟ್ಟುಹೋದ ಬಡಾವಣೆಗಳಿಗೆ ಮೀಸಲಿಟ್ಟ ಪಾಲೆಷ್ಟು? ಫಲಿತಾಂಶ ಸೂಚಕಗಳು ಜನರ ಬದುಕಿನಲ್ಲಿ ಏನಾಯಿತೆಂದು ನೋಡುತ್ತವೆ: ಸುರಕ್ಷಿತ ನೀರು ಪಡೆಯುತ್ತಿರುವ ಮನೆಗಳೆಷ್ಟು, ಅದರಲ್ಲಿ ಮೊದಲು ಹೊರಗಿದ್ದವರು ಎಷ್ಟು? ಮೂರೂ ಬಗೆ ಇದ್ದಾಗ ಮಾತ್ರ ಫಲಿತಾಂಶ ಏಕೆ ಬಂತು ಅಥವಾ ಏಕೆ ಬರಲಿಲ್ಲ ಎಂದು ಹೇಳಲು ಸಾಧ್ಯ. ಪ್ರತಿ ಫಲಿತಾಂಶ ಸೂಚಕವನ್ನೂ ಗುಂಪುವಾರು ಬಿಡಿಸಿಯೇ ವರದಿ ಮಾಡಬೇಕು, ಮತ್ತು ಗುಂಪುಗಳ ನಡುವಿನ ಅಂತರ ಕಡಿಮೆಯಾಗುತ್ತಿದೆಯೇ ಎಂಬುದನ್ನು ಪ್ರತ್ಯೇಕ ಸೂಚಕವಾಗಿ ಇಡಬೇಕು; ಒಟ್ಟು ಸಂಖ್ಯೆ ಏರುತ್ತಿರುವಾಗಲೇ ಅಂತರ ಹಿಗ್ಗುತ್ತಿರುವುದು ಅಪರೂಪವಲ್ಲ.

ಹಕ್ಕುಗಳು ಪರಸ್ಪರ ಡಿಕ್ಕಿಯಾದಾಗ

ಇದಕ್ಕೆ ಹಂತದ ಸಂಖ್ಯೆ ಕೊಡದಿರುವುದಕ್ಕೆ ಕಾರಣ, ಇದು ಯಾವ ಹಂತದಲ್ಲಾದರೂ ಎದುರಾಗಬಹುದು. ಹೊಸ ಜಲಾಶಯ ಕೆಳಗಿನ ಊರುಗಳಿಗೆ ನೀರು ಕೊಡುತ್ತದೆ, ಮೇಲಿನ ಮನೆಗಳನ್ನು ಮುಳುಗಿಸುತ್ತದೆ. ಹೆಚ್ಚು ಜನರಿಗೆ ಒಳಿತು ಎಂಬ ವಾದವೊಂದರಿಂದಲೇ ಇದನ್ನು ಬಗೆಹರಿಸಲು ಹಕ್ಕುಗಳ ನೆಲೆ ಒಪ್ಪುವುದಿಲ್ಲ. ಬೇರೆ ದಾರಿಗಳನ್ನೆಲ್ಲ ಬಾಧಿತರ ಜೊತೆ ಕೂತು ಪರಿಶೀಲಿಸಲಾಗಿದೆಯೇ, ಸಾಕಷ್ಟು ಮುಂಚಿತವಾಗಿ ತಿಳಿಸಲಾಗಿದೆಯೇ, ಕಾನೂನಿನ ನೆರವು ಮತ್ತು ಪರಿಹಾರ ಸಿಗುತ್ತದೆಯೇ, ಸ್ಥಳಾಂತರದಿಂದ ಯಾರಾದರೂ ನೆಲೆಯಿಲ್ಲದವರಾಗುತ್ತಾರೆಯೇ ಎಂಬ ಪ್ರಶ್ನೆಗಳನ್ನು ಬಲವಂತದ ಒಕ್ಕಲೆಬ್ಬಿಸುವಿಕೆಯ ಕುರಿತ 1997ರ 7ನೆಯ ಸಾಮಾನ್ಯ ಟಿಪ್ಪಣಿ ಮುಂದಿಡುತ್ತದೆ. ಈ ಪ್ರಶ್ನೆಗಳಿಗೆ ತೃಪ್ತಿಕರ ಉತ್ತರ ಸಿಗದಿದ್ದರೆ ಯೋಜನೆಯನ್ನು ಬದಲಿಸಬೇಕು, ಬದಲಿಸಲಾಗದಿದ್ದರೆ ನಿಲ್ಲಿಸಬೇಕು. ದಾನಿ ಸಂಸ್ಥೆಗಳಿಗೆ ಇದು ಹಿಡಿಸದಿರಬಹುದು. ಹಾಗೆಂದು ಮನೆ ಕಳೆದುಕೊಳ್ಳುವವರ ಹಕ್ಕನ್ನು ಅವರ ಬದಲಿಗೆ ಬಿಟ್ಟುಕೊಡುವ ಅಧಿಕಾರ ಯೋಜನೆ ನಡೆಸುವವರಿಗೆ ಇಲ್ಲ.

ಹಂತ 9: ಹಸ್ತಾಂತರ ಮತ್ತು ಮೌಲ್ಯಮಾಪನ

ಯೋಜನೆ ಮುಗಿಯುವ ಕೊನೆಯ ತಿಂಗಳಲ್ಲಿ ಹಸ್ತಾಂತರದ ಬಗ್ಗೆ ಯೋಚಿಸಿದರೆ ತಡವಾಗಿರುತ್ತದೆ. ಮೂರನೆಯ ಹಂತದ ನಕ್ಷೆಯನ್ನು ಪ್ರತಿ ವರ್ಷ ಹೊರತೆಗೆದು, ಸಂಸ್ಥೆಯ ಕೈಯಲ್ಲಿರುವ ಯಾವ ಕೆಲಸ ಯಾವ ಕಚೇರಿಗೆ ಯಾವ ದಿನಾಂಕಕ್ಕೆ ಹೋಗಬೇಕೆಂದು ಪರಿಷ್ಕರಿಸಿ. ನೀರಿನ ಪರೀಕ್ಷೆ, ದುರಸ್ತಿ, ದೂರು ಸ್ವೀಕಾರ ಇವುಗಳಿಗೆ ಹೊಣೆಯಾದ ಹುದ್ದೆ, ಹಣದ ಮೂಲ, ಮೇಲ್ಮನವಿಯ ದಾರಿ ಇಷ್ಟನ್ನು ಲಿಖಿತ ಒಪ್ಪಂದವಾಗಿಸಿ, ಅದರ ಪ್ರತಿಯನ್ನು ನಿವಾಸಿಗಳ ಸಂಘಟನೆಗೆ ಕೊಡಿ. ಇಲಾಖೆಯ ಕಡತದಲ್ಲಿ ಮಾತ್ರ ಇರುವ ಒಪ್ಪಂದವನ್ನು ಮುಂದಿಟ್ಟು ಯಾರೂ ಏನನ್ನೂ ಕೇಳಲಾರರು.

ಮೌಲ್ಯಮಾಪನಕ್ಕೆ ಬರುವ ತಂಡದ ಪ್ರಶ್ನಾವಳಿಯನ್ನು ನಿವಾಸಿಗಳು ಮೊದಲೇ ನೋಡಿ, ತಮ್ಮ ಪ್ರಶ್ನೆಗಳನ್ನು ಸೇರಿಸುವಂತಿರಲಿ. ಯೋಜನೆ ಯಾರನ್ನು ತಲುಪಿತು ಎಂಬುದಕ್ಕಿಂತ ಎರಡನೆಯ ಹಂತದಲ್ಲಿ ಹೊರಗುಳಿದವರೆಂದು ಪಟ್ಟಿ ಮಾಡಿದ ಗುಂಪುಗಳು ಈಗ ಎಲ್ಲಿವೆ ಎಂಬುದನ್ನು ತಂಡ ಮೊದಲು ನೋಡಬೇಕು. ಕರಡು ವರದಿಯ ಸಾರಾಂಶವನ್ನು ಜನರ ಭಾಷೆಯಲ್ಲಿ ಅವರ ಎದುರು ಓದಿ, ಆಕ್ಷೇಪಗಳನ್ನು ದಾಖಲಿಸಿಕೊಂಡು, ಅವುಗಳನ್ನು ಅಂತಿಮ ವರದಿಯ ಭಾಗವಾಗಿಯೇ ಸೇರಿಸಿ. ಸಾಧ್ಯವಾದರೆ ಯೋಜನೆ ಮುಗಿದು ಒಂದು ವರ್ಷದ ಬಳಿಕ ಮತ್ತೊಮ್ಮೆ ಅದೇ ಮನೆಗಳಿಗೆ ಹೋಗಿ ಬರಲು ಬೇಕಾದ ಸಣ್ಣ ಮೊತ್ತವನ್ನು ಆರಂಭದ ಬಜೆಟ್ಟಿನಲ್ಲೇ ತೆಗೆದಿಡಿ. ಆ ಭೇಟಿಯಲ್ಲಿ ನೀರು ಬರುತ್ತಿದೆಯೇ ಎಂದು ಕೇಳುವುದರ ಜೊತೆಗೆ, ನಡುವೆ ನಿಂತಾಗ ಯಾರನ್ನು ಕೇಳಿದಿರಿ, ಎಷ್ಟು ದಿನಕ್ಕೆ ಉತ್ತರ ಬಂತು ಎಂದೂ ಕೇಳಿ ಬರೆದುಕೊಳ್ಳಿ.